ಲೆಕ್ಕಕ್ಕೆ ಬಾರದವರು: ಪುಟ್ಟಿಗೆ ದೊಡ್ಡಪ್ಪನ ಪತ್ರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ತಲೆಯಲ್ಲೇ ಕೂತಿದೆ. "ದೊಡ್ಡಪ್ಪ, ಹೆಚ್ಚು ಜನರಿಗೆ ಹೆಚ್ಚು ಸುಖ ಸಿಕ್ಕರೆ ಅದೇ ಸರಿ, ಉಳಿದಿದ್ದೆಲ್ಲ ಸೆಂಟಿಮೆಂಟು" ಅಂದೆ. ಸಂಬಳದಲ್ಲಿ ದಾನಕ್ಕೆ ಎಷ್ಟು ಹೋಗಬೇಕು ಅಂತ ಪಟ್ಟಿ ಮಾಡಿದ್ದೀಯಂತೆ, ಊರಿಗೆ ಬರುವ ಬಸ್ಸಿನ ದುಡ್ಡನ್ನೂ ಅದರಲ್ಲಿ ದಂಡದ ಖರ್ಚು ಅಂತ ಹಾಕಿದ್ದೀಯಂತೆ. ನಿನ್ನಮ್ಮ ಹೇಳಿದಳು. ಕೊಡುವುದು ಒಳ್ಳೆಯದೇ, ಆದರೆ ನಿನ್ನ ದನಿ ತುಂಬಾ ಸೋತಿತ್ತು ಮಗಳೇ. ಬೈಯಲು ಬರೆಯುತ್ತಿಲ್ಲ. ನೀನು ಹೇಳಿದ ಆ ಸೂತ್ರವನ್ನೇ ಉಪಯುಕ್ತತಾವಾದ ಅಂತ ಬೋರ್ಡಿನ ಮೇಲೆ ಬರೆದು ಮೂವತ್ತು ವರ್ಷ ಪಾಠ ಮಾಡಿದವನು ನಾನು. ಅದನ್ನು ಇವತ್ತಿಗೂ ಗೌರವದಿಂದ ನೋಡುತ್ತೇನೆ. ಅದಕ್ಕೇ ಅದರ ಪೂರ್ತಿ ಕತೆ ನಿನಗೆ ಗೊತ್ತಿರಲಿ ಅಂತ ಆಸೆ.

ಆ ಸೂತ್ರವನ್ನು ಇಂಗ್ಲೆಂಡಿನ ತತ್ವಜ್ಞಾನಿ ಬೆಂಥಾಮನೇ ಹುಟ್ಟುಹಾಕಿದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. 1725ರಲ್ಲೇ ಹಚಿಸನ್ ಅನ್ನುವ ತತ್ವಜ್ಞಾನಿ ಅದನ್ನು ಬರೆದಿದ್ದ, 1764ರಲ್ಲಿ ಇಟಲಿಯ ಬೆಕಾರಿಯಾ ಶಿಕ್ಷೆಯ ವಿಚಾರಕ್ಕೆ ತಂದಿದ್ದ. ಬೆಂಥಾಮ್ ಅದನ್ನು ಕಾನೂನಿನ ಬುಡಕ್ಕೇ ಹಿಡಿದ. ಅವನ ಕಾಲದ ಇಂಗ್ಲೆಂಡಿನಲ್ಲಿ ಒಬ್ಬರ ಜೇಬಿನಿಂದ ಒಂದು ಶಿಲಿಂಗ್‌ಗಿಂತ ಜಾಸ್ತಿ ಬೆಲೆಯ ಮಾಲು ಕದ್ದರೆ ನೇಣು ಹಾಕಬಹುದಿತ್ತು! ಶಿಕ್ಷೆ ಅನ್ನೋದೂ ಒಂದು ನೋವೇ ಅಲ್ವಾ, ಅದರಿಂದ ಯಾರಿಗೆ ಏನು ಒಳ್ಳೆಯದಾಯಿತು ತೋರಿಸಿ ಅಂತ ಅವನು ಕೇಳಿದ. ಜೇಬುಗಳ್ಳರಿಗೆ ಇದ್ದ ಆ ನೇಣನ್ನು 1808ರಲ್ಲಿ ಪಾರ್ಲಿಮೆಂಟಿನಲ್ಲಿ ತೆಗೆಸಿದ್ದು ಅವನ ಗೆಳೆಯ ರೊಮಿಲಿ. 1789ರಲ್ಲಿ ಬಂದ ಬೆಂಥಾಮನ ದೊಡ್ಡ ಪುಸ್ತಕದ ಒಂದು ಅಡಿಟಿಪ್ಪಣಿಯಲ್ಲಿ ಪ್ರಾಣಿಗಳ ಮಾತು ಬರುತ್ತದೆ. ಅವು ಯೋಚಿಸುತ್ತವೆಯೇ, ಮಾತಾಡುತ್ತವೆಯೇ ಅನ್ನೋದು ಪ್ರಶ್ನೆಯಲ್ಲ, ಅವುಗಳಿಗೆ ನೋವಾಗುತ್ತದೆಯೇ ಅನ್ನೋದೇ ಪ್ರಶ್ನೆ ಅನ್ನುತ್ತಾನೆ. ಗಂಡು ಗಂಡನ್ನು ಪ್ರೀತಿಸಿದರೆ ಯಾರಿಗೂ ಕೇಡಿಲ್ಲ, ಅದಕ್ಕೆ ಶಿಕ್ಷೆ ಯಾಕೆ ಅಂತ 1785ರ ಸುಮಾರಿಗೇ ಬರೆದಿಟ್ಟ. ಆದರೆ ಅಚ್ಚು ಹಾಕಿಸಲಿಲ್ಲ. ಅದು ಅಚ್ಚಾಗಿದ್ದು 1978ರಲ್ಲಿ. ಅಷ್ಟರಲ್ಲಿ ಏನಾಗಿತ್ತು ನೋಡು. ಕಾನೂನನ್ನೆಲ್ಲ ಒಂದೇ ಸಂಹಿತೆಯಾಗಿ ಬರೆಯಬೇಕು ಅನ್ನುವ ಅವನದೇ ವಿಚಾರದ ಪ್ರಭಾವದಲ್ಲಿ ಮೆಕಾಲೆ ನಮ್ಮ ದಂಡಸಂಹಿತೆಯ ಕರಡು ಮಾಡಿದ, 1860ರಲ್ಲಿ ಅದು ಕಾನೂನಾಯಿತು, ಅಂಥ ಪ್ರೀತಿಯನ್ನು ಅಪರಾಧ ಮಾಡಿದ 377ನೇ ಕಲಮೂ ಅದರಲ್ಲೇ ಬಂತು. ಒಪ್ಪಿ ಕೂಡಿದ ಇಬ್ಬರು ವಯಸ್ಕರನ್ನು ಆ ಕಲಮಿನಿಂದ ಸುಪ್ರೀಂ ಕೋರ್ಟ್ ಬಿಡಿಸಿದ್ದು 2018ರಲ್ಲಿ. ಲೆಕ್ಕ ಗೊತ್ತಿದ್ದವನು ಹೆದರಿ ಸುಮ್ಮನಾದ. ಅದರ ಬೆಲೆಯನ್ನು ಬೇರೆ ಯಾರೋ ತೆತ್ತರು.

ನಿನಗೆ ಹೆಚ್ಚು ಬೇಕಾಗಿರುವುದು ಜಾನ್ ಸ್ಟುವರ್ಟ್ ಮಿಲ್‌ನ ಕತೆ. ಅವನ ಅಪ್ಪ ಬೆಂಥಾಮನ ಶಿಷ್ಯ, ಮಗನನ್ನು ಈ ತತ್ವಕ್ಕೆಂದೇ ಬೆಳೆಸಿದ. ಮೂರನೇ ವಯಸ್ಸಿಗೆ ಗ್ರೀಕ್, ಎಂಟಕ್ಕೆ ಲ್ಯಾಟಿನ್. ಓದಿದ್ದನ್ನು ಆ ಪುಟ್ಟ ಹುಡುಗ ಚೀಟಿಗಳಲ್ಲಿ ಗುರುತು ಹಾಕಿಕೊಂಡು, ಬೆಳಿಗ್ಗೆ ತಿಂಡಿಗೆ ಮೊದಲು ಅಪ್ಪನ ಜೊತೆ ನಡೆಯುತ್ತಾ ಚೀಟಿ ನೋಡಿ ನೋಡಿ ಒಪ್ಪಿಸುತ್ತಿದ್ದ. ಇಪ್ಪತ್ತರ ಹೊತ್ತಿಗೆ, 1826ರಲ್ಲಿ, ಒಂದು ದಿನ ತನ್ನನ್ನೇ ಕೇಳಿಕೊಂಡ: ನಾನು ಬಯಸಿದ ಸುಧಾರಣೆಯೆಲ್ಲ ಈ ಕ್ಷಣವೇ ಆಗಿಬಿಟ್ಟರೆ ನನಗೆ ಸಂತೋಷವಾಗುತ್ತದೆಯೇ? ಇಲ್ಲ ಅಂತ ಒಳಗಿನಿಂದ ಉತ್ತರ ಬಂತು. ಮನಸ್ಸು ಕುಸಿದುಹೋಯಿತು. ತಿಂಗಳುಗಟ್ಟಲೆ ಯಂತ್ರದ ಹಾಗೆ ಕೆಲಸ ಮಾಡಿದ, ಯಾರಿಗೂ ಹೇಳಿಕೊಳ್ಳಲಿಲ್ಲ. ಕೊನೆಗೆ ಮಾರ್ಮಾಂಟೆಲ್ ಅನ್ನುವ ಫ್ರೆಂಚ್ ಲೇಖಕನ ನೆನಪುಗಳನ್ನು ಓದುತ್ತಿದ್ದಾಗ, ಅಪ್ಪ ಸತ್ತ ಮನೆಯಲ್ಲಿ ಚಿಕ್ಕ ಹುಡುಗನೊಬ್ಬ ಇನ್ನು ನಾನೇ ನಿಮಗೆಲ್ಲ ಆಗುತ್ತೇನೆ ಅಂದುಕೊಳ್ಳುವ ಕಡೆ ಕಣ್ಣೀರು ಬಂತು. ಆ ಕಣ್ಣೀರಿನಿಂದಲೇ ಎದೆ ಹಗುರಾಯಿತು. ಆಮೇಲೆ ವರ್ಡ್ಸ್‌ವರ್ತ್‌ನ ಕವಿತೆ ಕೈ ಹಿಡಿಯಿತು. ಸುಖವನ್ನೇ ನೆಟ್ಟಗೆ ಬೆನ್ನಟ್ಟಿದರೆ ಅದು ಸಿಗುವುದಿಲ್ಲ, ಬೇರೆ ಯಾವುದನ್ನೋ ಪ್ರೀತಿಯಿಂದ ಮಾಡುತ್ತಿರುವಾಗ ದಾರಿಯಲ್ಲಿ ಸಿಗುತ್ತದೆ ಅಂತ ಅವನು ಕಂಡುಕೊಂಡಿದ್ದು ಹೀಗೆ. ತೃಪ್ತ ಹಂದಿಗಿಂತ ಅತೃಪ್ತ ಮನುಷ್ಯನಾಗಿರುವುದು ಮೇಲು ಅಂತ 1861ರಲ್ಲಿ ಬರೆದಾಗ, ಸುಖ ಅಂದರೆ ಒಂದೇ ಅಳತೆಯ ಸೇರು ಅಲ್ಲ ಅಂತ ಹೇಳಿದವನು ಇಷ್ಟನ್ನೆಲ್ಲ ಅನುಭವಿಸಿ ಎದ್ದವನು.

ಅವನೂ ಲೆಕ್ಕಕ್ಕೆ ಜನ ಸೇರಿಸಿದ. 1867ರಲ್ಲಿ ಹೆಂಗಸರಿಗೂ ಮತ ಕೊಡಿ ಅಂತ ಪಾರ್ಲಿಮೆಂಟಿನಲ್ಲಿ ತಿದ್ದುಪಡಿ ತಂದ. ಪರವಾಗಿ 73, ವಿರುದ್ಧ 196. ಸೋತ, ಆದರೂ ಆ 73 ನನಗೆ ದೊಡ್ಡದೇ. ಅದೇ ಮಿಲ್ 35 ವರ್ಷ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಕೂತು ನಮ್ಮ ಸಂಸ್ಥಾನಗಳಿಗೆ ಸಂಬಂಧಪಟ್ಟ ಪತ್ರಗಳನ್ನು ಬರೆದ. ಒಮ್ಮೆಯೂ ಇತ್ತ ಬರಲಿಲ್ಲ. ಸ್ವಾತಂತ್ರ್ಯದ ಬಗ್ಗೆ ಬರೆದ ಆ ಚೆಂದದ ಪುಸ್ತಕದಲ್ಲೇ, ಹಿಂದುಳಿದ ಜನರನ್ನು ಅವರ ಒಳಿತಿಗಾಗಿ ಸರ್ವಾಧಿಕಾರದಿಂದ ಆಳಿದರೆ ತಪ್ಪಿಲ್ಲ ಅಂದ. ಅವನ ಮೇಲೆ ನನಗೆ ತುಂಬಾ ಪ್ರೀತಿ ಇದೆ, ಆದರೆ ಆ ಪುಟಕ್ಕೆ ಬಂದಾಗಲೆಲ್ಲ ಎದೆ ಚುಚ್ಚುತ್ತದೆ. ನಮ್ಮನ್ನು ಕೇಳದೆ ನಮ್ಮ ಒಳಿತನ್ನು ಕೂಡಿ ಕಳೆದ.

ನಮ್ಮ ಮನೆಯದೇ ಹೇಳುತ್ತೇನೆ. ಕರೆಂಟಿಗಾಗಿ ಅಣೆಕಟ್ಟು ಕಟ್ಟಿ ಶರಾವತಿ ಮುಳುಗಡೆಯಾದ ಹೊತ್ತಿಗೆ ನನಗೆ ಏಳೆಂಟು ವರ್ಷ. ಒಬ್ಬರು ಉದ್ದನೆಯ ಪುಸ್ತಕ ಹಿಡಿದು ತೋಟಕ್ಕೆ ಬಂದರು. ಅಡಿಕೆ ಮರ ಇಷ್ಟು, ತೆಂಗು ಇಷ್ಟು, ಬಾವಿ ಒಂದು. ನಾನು ಅವರ ಹಿಂದೆಯೇ ಓಡಾಡುತ್ತಾ ಮರ ಎಣಿಸಿಕೊಟ್ಟೆ. ಕರೆಂಟು ಎಷ್ಟೋ ಲಕ್ಷ ಮನೆಗೆ ಹೋಯಿತು, ಅದು ಸುಳ್ಳಲ್ಲ. ನಮಗೂ ಪರಿಹಾರ ಸಿಕ್ಕಿತು. ಆದರೆ ಆ ತೋಟಕ್ಕೆ ಹುಟ್ಟಿದಾಗಿನಿಂದ ನೀರು ಕಟ್ಟುತ್ತಿದ್ದ ಆಳಿನ ಹೆಸರಲ್ಲಿ ಒಂದು ಗುಂಟೆಯೂ ಇರಲಿಲ್ಲ, ಹಾಗಾಗಿ ಪುಸ್ತಕದಲ್ಲಿ ಅವನಿಗೊಂದು ಸಾಲೂ ಬರಲಿಲ್ಲ. ನಮ್ಮ ಮನೆಯವರೂ ಅವನ ಮಾತೆತ್ತಲಿಲ್ಲ. ಲಾರಿ ಹೊರಟಾಗ ಅವನು ಕೆರೆ ಏರಿಯ ಮೇಲೆ ಹೆಗಲ ಮೇಲಿನ ಟವೆಲ್ಲು ಹಿಡಿದು ನಿಂತಿದ್ದ. ಆಮೇಲೆ ಎಲ್ಲಿಗೆ ಹೋದನೋ ನಾವು ವಿಚಾರಿಸಲೇ ಇಲ್ಲ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಅಮೆರಿಕದ ತತ್ವಜ್ಞಾನಿ ರಾಲ್ಸ್ 1971ರಲ್ಲಿ ಎತ್ತಿದ ತಕರಾರು ಇದೇ. ಒಬ್ಬ ಮನುಷ್ಯ ತನ್ನ ಇವತ್ತಿನ ಕಷ್ಟವನ್ನು ನಾಳಿನ ಸುಖಕ್ಕೆ ಸರಿದೂಗಿಸಬಹುದು, ಆದರೆ ಒಬ್ಬನ ಕಷ್ಟವನ್ನು ಇನ್ನೊಬ್ಬನ ಸುಖಕ್ಕೆ ಹಾಗೆ ವಜಾ ಹಾಕಲು ಬರುವುದಿಲ್ಲ, ಅವರು ಬೇರೆ ಬೇರೆ ಜನ. ನಿನ್ನ ಪಟ್ಟಿಯ ಮೂಲ ಆಸ್ಟ್ರೇಲಿಯಾದ ತತ್ವಜ್ಞಾನಿ ಪೀಟರ್ ಸಿಂಗರ್ ಅಂತ ನನಗೆ ಗೊತ್ತು. 1971ರ ಬಂಗಾಳದ ನಿರಾಶ್ರಿತರನ್ನು ನೋಡಿ ಬರೆದ ಅವನ ಲೇಖನದಲ್ಲಿ ಕೊಳದಲ್ಲಿ ಮುಳುಗುತ್ತಿರುವ ಮಗು ಬರುತ್ತದೆ. ಬಟ್ಟೆ ಕೊಳೆಯಾದರೂ ಮಗುವನ್ನು ಎತ್ತುತ್ತೀಯಲ್ಲ, ದೂರದ ಮಗುವಾದರೆ ಏನು ಬೇರೆ ಅಂತ ಕೇಳುತ್ತಾನೆ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ ಪುಟ್ಟಿ, ನೀನು ಕೊಡುತ್ತಿರುವುದನ್ನು ನಿಲ್ಲಿಸಬೇಡ. ಆದರೆ ಎಲ್ಲರನ್ನೂ ಒಂದೊಂದಾಗಿ ಎಣಿಸಬೇಕು, ಯಾರನ್ನೂ ಒಂದಕ್ಕಿಂತ ಜಾಸ್ತಿ ಎಣಿಸಬಾರದು ಅನ್ನೋದು ಬೆಂಥಾಮನ ಮಾತು ಅಂತ ಮಿಲ್ ಬರೆದಿದ್ದಾನೆ. ಯಾರನ್ನೂ ಸೊನ್ನೆ ಅಂತ ಬರೆಯಲೂಬಾರದು ಅಂತಲೂ ಅದರ ಅರ್ಥ. ನಿನ್ನ ಪಟ್ಟಿಯಲ್ಲಿ ನೀನೇ ಸೊನ್ನೆ. ತೊಂಬತ್ತು ದಾಟಿದ ನಿನ್ನಜ್ಜಿ, ದಿನಾ ಸಂಜೆ ಜಗಲಿಯಲ್ಲಿ ಕೂತು ಬಸ್ಸಿನ ಶಬ್ದ ಕೇಳುವವಳು, ದಂಡದ ಖರ್ಚಿನ ಕಡೆ ಇದ್ದಾಳೆ. ಕೂಡುವ ಮೊದಲು ಆ ಕಾಲಂ ಒಂದನ್ನು ತಿದ್ದು.

ಬೇಸಿಗೆಯಲ್ಲಿ ಬಾ. ನೀರು ಚೆನ್ನಾಗಿ ಇಳಿದರೆ ಆ ಮುಳುಗಡೆಯಲ್ಲೇ ಮುಳುಗಿದ ಹಳೆ ಮಡೇನೂರು ಅಣೆಕಟ್ಟು ಮೇಲೆ ಕಾಣುತ್ತದೆ, ಇಬ್ಬರೂ ಹೋಗಿ ನೋಡಿಕೊಂಡು ಬರೋಣ. ನಮ್ಮ ತೋಟ ಯಾವ ದಿಕ್ಕಿಗಿತ್ತು ಅಂತ ತೋರಿಸುತ್ತೇನೆ, ಆ ಏರಿ ಎಲ್ಲಿತ್ತು ಅಂತಲೂ. ಅಜ್ಜಿ ಹಲಸಿನ ಹಪ್ಪಳ ಹಚ್ಚುವ ಹೊತ್ತಿಗೆ ಬಂದರೆ ಒತ್ತಿಕೊಡಲು ಕೈಯೂ ಬೇಕು. ಟಿಕೆಟ್ ತೆಗೆದ ತಕ್ಷಣ ಫೋನ್ ಮಾಡು, ಸಾಗರದ ಬಸ್‌ಸ್ಟ್ಯಾಂಡಿಗೆ ನಾನೇ ಬರುತ್ತೇನೆ.

ನಿನ್ನ ದೊಡ್ಡಪ್ಪ