ಕಾಯಿ ನಿಂತ ಕಡೆ ನೀರು

ಚಿರಂಜೀವಿ ಕಿರಣನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ನೀನೂ ನಿಮ್ಮಪ್ಪನೂ ಬೋರ್ ವಿಷಯಕ್ಕೆ ಕಿತ್ತಾಡುವಾಗ ನಾನು ಜಗಲಿ ಮೇಲೆ ಸುಮ್ನೆ ಕೂತಿದ್ದೆ. ಈಗ ಇಬ್ಬರೂ ಮಾತು ಬಿಟ್ಟಿದ್ದೀರಿ ಅಂತ ನಿಮ್ಮಮ್ಮ ಫೋನ್ ಮಾಡಿದ್ದಳು. ಅದಕ್ಕೇ ಈ ಪತ್ರ.

ಅಂಗೈಯಲ್ಲಿ ತೆಂಗಿನಕಾಯಿ ನೆಟ್ಟಗೆ ನಿಂತ ಕಡೆ ನೀರಿರುತ್ತೆ ಅಂತ ಅಪ್ಪ ಅಂದಾಗ ನೀನು ನಕ್ಕೆ. ನಾನೂ ಆ ಕಾಯಿ ನಂಬಿದವನೇ ಕಣೋ. ಮೂರು ಬೋರ್ ಕೊರೆಸಿದೆ. ಮೂರಕ್ಕೂ ಪಾಯಿಂಟ್ ನೋಡಿದವರು ಒಬ್ಬರೇ. ಒಂದರಲ್ಲಿ ಎರಡಿಂಚು ನೀರು ಬಂತು, ಇನ್ನೆರಡು ಫೇಲ್. ಊರಲ್ಲಿ ಇವತ್ತಿಗೂ ಓಡಾಡುವುದು ಆ ಒಂದರ ಕಥೆ. ಫೇಲಾದದ್ದನ್ನು ಯಾರು ಎಣಿಸುತ್ತಾರೆ? ನಮ್ಮ ಕೋಲಾರದ ನೆಲದಡಿ ಗಟ್ಟಿ ಬಂಡೆ. ನೀರಿರುವುದು ಬಂಡೆಯ ಬಿರುಕಿನಲ್ಲಿ. ಬಿರುಕು ಸಿಕ್ಕರೆ ನೀರು, ಇಲ್ಲದಿದ್ದರೆ ಧೂಳು. ಹತ್ತು ಕಡೆ ಕೊರೆದರೆ ಕಾಯಿ ಹಿಡಿದರೂ ಹಿಡಿಯದಿದ್ದರೂ ಎಲ್ಲೋ ಒಂದೆರಡು ಕಡೆ ಸಿಗಬಹುದು. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತಾರಲ್ಲ, ಅದೇ.

ಎರಡನೇ ಬೋರಿನ ರಾತ್ರಿ ಇನ್ನೂ ಕಣ್ಣ ಮುಂದಿದೆ. 800 ಅಡಿ ಆದರೂ ಬರೀ ಬೂದಿ ಬಣ್ಣದ ಪುಡಿ. "ನಿಲ್ಲಿಸೋಣವಾ?" ಅಂದ ರಿಗ್‌ನವನು. "ಇಷ್ಟು ದುಡ್ಡು ಸುರಿದಿದ್ದೀವಿ, ಇನ್ನೊಂದು ನೂರು ಅಡಿ ನೋಡೋಣ" ಅಂದೆ. ಹೀಗೇ ಮೂರು ಸಲ ಅಂದೆ. ಹೋದ ದುಡ್ಡಿಗೂ ಮುಂದಿನ ನೂರು ಅಡಿಗೂ ಏನು ಸಂಬಂಧ? ನನ್ನ ಸಾಲ ಬಂಡೆಗೇನು ಗೊತ್ತಿತ್ತಾ? ಬೆಳಗಿನ ಜಾವ ನಿಮ್ಮ ದೊಡ್ಡಮ್ಮ ಕಾಫಿ ತಂದಳು. ಲೋಟದ ಮೇಲೂ ಅದೇ ಧೂಳು. ಆಮೇಲೆ ಅವಳ ಬಳೆ ಬ್ಯಾಂಕು ಸೇರಿತು.

ಹಾಗಾಗಿ ಕಾಯಿ ನಂಬಿ ಬೋರ್ ಕೊರೆಸಬಾರದು ಅಂತ ನೀನು ಹೇಳಿದ್ದು ಸರಿಯೇ. ಆದರೆ "ಏಳನೇ ಕ್ಲಾಸ್ ಓದಿದವರಿಗೆ ಇದೆಲ್ಲ ಎಲ್ಲಿ ಅರ್ಥವಾಗುತ್ತೆ" ಅಂದೆಯಲ್ಲ? ಮಾತಿಗೆ ಉತ್ತರ ಕೊಡುವುದು ಬಿಟ್ಟು ಮನುಷ್ಯನ ಮೇಲೆ ಹೋದೆ. ಅವನೇನು ಕಮ್ಮಿಯಾ? "ನೀನು ಯಾವತ್ತು ಗುದ್ದಲಿ ಹಿಡಿದಿದ್ದೀಯಾ" ಅಂದ. ಸಾಲದ್ದಕ್ಕೆ "ಇವನಿಗೆ ದೇವರೇ ಬೇಡ" ಅಂತಲೂ ಅಂದ. ನೀನು ದೇವರ ಸುದ್ದಿಯನ್ನೇ ಎತ್ತಿರಲಿಲ್ಲ! ಆಡದ ಮಾತನ್ನು ನಿನ್ನ ಬಾಯಿಗೆ ತುರುಕಿ, ಅದಕ್ಕೆ ಜಗಳ ತೆಗೆದ. ಅವನಿಗೆ ಇದನ್ನು ನಾನು ಬೇರೆ ಹೇಳುತ್ತೇನೆ, ನೀನು ಹೇಳಲು ಹೋಗಬೇಡ.

"ಬೋರ್ ಹಾಕಿಸಬೇಕು, ಇಲ್ಲಾಂದ್ರೆ ಜಮೀನು ಮಾರಬೇಕು, ಎರಡೇ ದಾರಿ" ಅಂದನಲ್ಲ, ನೀನು ಮೂರನೆಯದು ತೋರಿಸಬೇಕಾಗಿದ್ದು ಅಲ್ಲಿ. "ಅದು ನಂಗೊತ್ತಿಲ್ಲ, ಇದಂತೂ ತಪ್ಪು" ಅಂತ ಎದ್ದು ಹೋದೆ. ನಾವು ವಿತಂಡವಾದ ಅಂತ ಬೈಯುತ್ತೇವಲ್ಲ, ಗೌತಮ ಮುನಿಯ ನ್ಯಾಯಸೂತ್ರ ಅನ್ನುವ ಹಳೇ ತರ್ಕಶಾಸ್ತ್ರದ ಗ್ರಂಥದಲ್ಲಿ ಅದರ ಅರ್ಥ ಇದೇ: ತನ್ನದು ಅಂತ ಒಂದು ಮಾತು ಮುಂದಿಡದೆ ಎದುರಿನವನದನ್ನು ಬರೀ ಕೆಡವುವುದು.

ಈ ಭಾನುವಾರ ಬಾ. ನನ್ನ ಮೂರೂ ಬೋರಿನ ಬಿಲ್ಲು ಟ್ರಂಕಿನಲ್ಲಿವೆ, ತೆಗೆದಿಡುತ್ತೇನೆ. ನಿಮ್ಮ ಹೊಲದ ತಗ್ಗಿನ ಮೂಲೆಯಲ್ಲಿ ಮಳೆ ನೀರು ಹಿಡಿದಿಡುವ ಕೃಷಿ ಹೊಂಡ ತೋಡಿಸಿದರೆ ಎಷ್ಟಾಗುತ್ತೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಂಡು ಬಾ. ಬರುವಾಗ ನಿಮ್ಮಪ್ಪನನ್ನೂ ಬೈಕಿನ ಹಿಂದೆ ಕೂರಿಸಿಕೋ.

ಇಂತಿ,
ನಿನ್ನ ದೊಡ್ಡಪ್ಪ