ಪುಟ್ಟಿಗೆ, ಮಾತ್ರೆ ಬಿಟ್ಟಿದ್ದಕ್ಕೆ

ತೀರ್ಥಹಳ್ಳಿ
ಶನಿವಾರ ರಾತ್ರಿ

ಪುಟ್ಟಿ,

ಫೋನಿನಲ್ಲಿ ಕೂಗಾಡಿದ್ದು ನನ್ನದೇ ತಪ್ಪು. ಆದರೆ ಟೈಫಾಯ್ಡಿನ ಮಾತ್ರೆ ನಿಲ್ಲಿಸಿ "ಜ್ವರ ಬಿಟ್ಟು ಎರಡು ದಿನ ಆಯ್ತು, ಇನ್ನು ಮಾತ್ರೆ ಯಾಕೆ" ಅಂದೆಯಲ್ಲ, ಅದಕ್ಕೇ ತಲೆ ಕೆಟ್ಟಿತು.

ಆರು ವರ್ಷದವಳಿದ್ದಾಗ ನಿನಗೆ ಬಂದ ಟೈಫಾಯ್ಡ್, ಮಂಡಗದ್ದೆ ಹತ್ತಿರ ಜೀಪು ಕೆಟ್ಟಿದ್ದು, ಅದೆಲ್ಲ ನಿನಗೂ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಅವತ್ತು ನಿನ್ನ ರಕ್ತ ನೋಡಿದ್ದು ನಾನೇ. ಹೊರಗೆ ಜೋರು ಮಳೆ. ಲ್ಯಾಬಿನಲ್ಲಿ ಒಬ್ಬನೇ ಕೂತು ಬಿಳಿ ರಕ್ತಕಣ ಎಣಿಸಿದೆ. ಒಂದು ಘನ ಮಿಲಿಮೀಟರ್ ರಕ್ತಕ್ಕೆ 3,200. ಸೋಂಕು ಇದ್ದರೆ ಏರಬೇಕು ಅಂತ ಜನ ಅಂದುಕೊಳ್ಳುತ್ತಾರೆ, ಟೈಫಾಯ್ಡಿನಲ್ಲಿ ಎಷ್ಟೋ ಸಲ ಇಳಿಯುತ್ತದೆ. 4,000ಕ್ಕಿಂತ ಕೆಳಗೆ. ಮತ್ತೆ ಎಣಿಸಿದೆ. ಮೂರನೇ ಸಲವೂ ಎಣಿಸಿದೆ. ದಿನಾ ಊರವರ ರಕ್ತ ನೋಡುವವನು, ಮಗಳಿಗೆ ಐದು ದಿನ ಅಮೃತಬಳ್ಳಿ ಕಷಾಯ ಕುಡಿಸಿ ಸುಮ್ನೆ ಕೂತಿದ್ದೆ. ನಿನ್ನ ಅಮ್ಮನಿಗೂ ಆ ಮೂರು ಸಲದ ಲೆಕ್ಕ ಹೇಳಿಲ್ಲ.

ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ನೋಡಿದ ವಿಜ್ಞಾನಿ ಮೆಚ್ನಿಕಾಫ್, 1908ರ ನೊಬೆಲ್, ಆ ಕಥೆ ಮತ್ತೆ ಹೇಳುವುದಿಲ್ಲ. ನಮ್ಮ ಮೈಯ ಕಣ ರೋಗಾಣುವನ್ನು ನುಂಗುತ್ತದೆ ಅನ್ನುವವರೆಗೆ ನಿನಗೆ ಬಾಯಿಪಾಠ. ಮುಂದಿನದು ಕೇಳು. ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾ ಟೈಫಿ ಸಣ್ಣ ಕರುಳಿನ ಗೋಡೆ ದಾಟಿದ ಕೂಡಲೇ ಮ್ಯಾಕ್ರೋಫೇಜ್ ಅನ್ನುವ ಆ ನುಂಗುವ ಕಣ ಅದನ್ನು ನುಂಗಿ ಒಂದು ಚೀಲದೊಳಗೆ ಇಡುತ್ತದೆ. ಆಮ್ಲ ಸುರಿದು ಅರಗಿಸಬೇಕು. ಆದರೆ ಈ ಬ್ಯಾಕ್ಟೀರಿಯಾ ಸೂಜಿಯಂಥ ಕೊಳವೆಯಿಂದ ತನ್ನ ಪ್ರೋಟೀನನ್ನು ಚೀಲದಾಚೆಗೆ ಚುಚ್ಚಿ ಆ ಕೆಲಸವನ್ನೇ ಕೆಡಿಸುತ್ತದೆ. ಅಲ್ಲೇ ಸಂಸಾರ ಹೂಡುತ್ತದೆ. ಅದೇ ಕಣದೊಳಗೆ ಕೂತು ಯಕೃತ್ತು, ಗುಲ್ಮ, ಮೂಳೆಮಜ್ಜೆ ಸೇರುತ್ತದೆ. ಬೇಲಿಯೇ ಹೊಲ ಮೇಯ್ದಂತೆ ಅನ್ನಬೇಡ, ಪಾಪ, ಬೇಲಿ ತನ್ನ ಕೆಲಸ ಮಾಡಿದೆ. ಹಾವು ಬೇಲಿಯೊಳಗೇ ಇದೆ, ಅಷ್ಟೆ.

ಜ್ವರ ಇಳಿದರೂ ಅಡಗಿದ್ದು ಉಳಿದಿರಬಹುದು. ಕೆಲವು ವಾರ ಬಿಟ್ಟು ಮತ್ತೆ ಏಳಬಹುದು. ಎರಡು ದಿನ ಮಾತ್ರೆ ಬಿಟ್ಟಿದ್ದನ್ನು ನಾಳೆಯೇ ಡಾಕ್ಟರಿಗೆ ಹೇಳು, ಮುಚ್ಚಿಡಬೇಡ. ಅವರು ಹೇಳಿದಷ್ಟು ದಿನ ನುಂಗು. ಕಾಯಿಸಿ ಆರಿಸಿದ ನೀರು ಕುಡಿ. ಪಾನಿಪುರಿ ಬೇಡ. ಪೀಜಿಯಲ್ಲಿ ಯಾರಿಗೂ ನೀನು ಅಡುಗೆ ಮಾಡಿ ಬಡಿಸಬೇಡ, ಸೋಪು ಹಾಕಿ ಕೈ ತೊಳಿ... ನೋಡು, ಶುರುವಾಯ್ತು ನನ್ನ ಪಾಠ.

ಒಂದು ಮಾತು ಹೇಳಬೇಕಿತ್ತು, ಕೂಗಾಟದಲ್ಲಿ ಮರೆತೆ. ಜ್ವರ ಬಂದ ಎರಡನೇ ದಿನವೇ ಒಬ್ಬಳೇ ಹೋಗಿ ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಬ್ಲಡ್ ಕಲ್ಚರಿಗೆ ರಕ್ತ ಕೊಟ್ಟು ಬಂದೆಯಲ್ಲ. ನಾನು ಐದು ದಿನ ಕಾದಿದ್ದೆ.

ಬಸ್ಸಿಗೆ ಕೆಂಪಕ್ಕಿ, ಅಪ್ಪೆಮಿಡಿ ಹಾಕಿ ಕಳಿಸುತ್ತೇವೆ. ಗಂಜಿ ಮಾಡಿಕೋ, ಉಪ್ಪಿನಕಾಯಿ ಈಗಲೇ ಜಾಸ್ತಿ ಬೇಡ. ಮಾತ್ರೆ ತಗೊಂಡ ಮೇಲೆ ಒಂದು ಮೆಸೇಜ್ ಹಾಕು. ಸಿಟ್ಟಿದ್ದರೆ ಮಾತಾಡದಿದ್ದರೂ ಪರವಾಗಿಲ್ಲ.

ಅಪ್ಪ