ಹಿತ್ತಲಿಗೆ ನುಗ್ಗುವ ವೆಡೇಲಿಯಾ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಧರೆ (ಕಡಿದಾದ ಮಣ್ಣಿನ ದಿಬ್ಬ) ಮೇಲೆ, ತೋಟದ ಬಸಿಗಾಲುವೆ ಬದಿಯಲ್ಲಿ ಹಳದಿ ಹೂ ಬಿಟ್ಟು ನೆಲ ಮುಚ್ಚುವ ಬಳ್ಳಿ ವೆಡೇಲಿಯಾ. ಅಮೆರಿಕದ ಉಷ್ಣವಲಯದ್ದು, ಅಲಂಕಾರಕ್ಕೆಂದು ಬಂದದ್ದು. ಚೆಂದ ಕಂಡಿತೆಂದು ತುಂಡು ಹಂಚಿಕೊಳ್ಳಬೇಡಿ.

ಎಲೆ ಎದುರುಬದುರು, ಹೊಳಪು, ಸಾಮಾನ್ಯವಾಗಿ ಮೂರು ಸೀಳು. ನೆಲ ತಾಗಿದ ಗಂಟಿಗೆಲ್ಲ ಬೇರು. ಗರುಗವೆಂದು (ಭೃಂಗರಾಜ) ತಿಳಿದು ತಲೆಗೆ ಎಣ್ಣೆ ಕಾಯಿಸೀರಿ! ಗರುಗದ ಹೂ ಬಿಳಿ, ಸಣ್ಣದು, ಎಲೆಯಲ್ಲಿ ಸೀಳಿಲ್ಲ.

ಇದು ಹರಡುವುದು ಬೀಜಕ್ಕಿಂತ ಹೆಚ್ಚಾಗಿ ಕಾಂಡದ ತುಂಡಿನಿಂದ. ಹಾಗಾಗಿ ವೀಡ್ ಕಟರ್ ಹೊಡೆದರೆ ಕಳೆ ತೆಗೆದಂತಲ್ಲ, ನಾಟಿ ಮಾಡಿದಂತೆ. ಸುರಿಮಳೆಯಲ್ಲಿ ಕಿತ್ತರೂ ಬಿದ್ದಲ್ಲೇ ಚಿಗುರುತ್ತದೆ. ಮಳೆ ಹಿಂದಾಗಿ ಮಣ್ಣು ಇನ್ನೂ ಹಸಿಯಿರುವ ಅಕ್ಟೋಬರ್-ನವೆಂಬರ್ ಒಳ್ಳೆಯ ಹೊತ್ತು. ಗುದ್ದಲಿಯಿಂದ ಮಣ್ಣು ಸಡಿಲಿಸಿ, ಅಂಚಿನಿಂದ ಒಳಕ್ಕೆ ಚಾಪೆಯಂತೆ ಸುತ್ತುತ್ತ ಬೇರುಸಹಿತ ಎಳೆಯಿರಿ. ತುಂಡುಗಳನ್ನು ಆರಿಸಿ, ಟಾರ್ಪಾಲಿನ ಮೇಲೆ ಹರವಿ, ಮುರಿದರೆ ಟಕ್ಕೆನ್ನುವಷ್ಟು ಒಣಗಿಸಿ. ಹಸಿಯದನ್ನು ಗೊಬ್ಬರಗುಂಡಿಗೆ, ಹಳ್ಳಕ್ಕೆ ಹಾಕಿದರೆ ಕೆಳಗಿನವರ ತೋಟಕ್ಕೂ ಹೋಗುತ್ತದೆ.

15 ದಿನಕ್ಕೊಮ್ಮೆ ಚಿಗುರು ನೋಡಿ ಕೀಳಿ, ಮುಂದಿನ ಮಳೆಗಾಲ ಮುಗಿಯುವವರೆಗೂ. ದೊಡ್ಡ ಜಾಗವಾದರೆ ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿ ಎರಡು-ಮೂರು ತಿಂಗಳು ಬಿಡಿ. ಹಾಳೆ ಬಳ್ಳಿಯ ಅಂಚಿನಿಂದ ಒಂದಡಿ ಹೊರಗಿರಲಿ. ಕಾಲುವೆ, ಬಾವಿ ಹತ್ತಿರ ಕಳೆನಾಶಕ ಬೇಡ.

ಧರೆಯಲ್ಲಿ ಒಮ್ಮೆಲೇ ಎಲ್ಲ ಕಿತ್ತರೆ ಮಣ್ಣು ಜರಿಯುತ್ತದೆ. ಮೂರಡಿ ಪಟ್ಟಿಯಂತೆ ಕಿತ್ತು, ಅಲ್ಲಿ ಲಾವಂಚ ನೆಟ್ಟು, ನಂತರ ಮುಂದಿನ ಪಟ್ಟಿಗೆ ಕೈ ಹಾಕಿ.